ಪಡುವಣ ಕಿಟಕಿಯ ಬಸಳೆ

ಅವಳ ಬಲಗೈಯ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದವಾಗಿತ್ತು. ಉಳಿದ ಉಗುರುಗಳನ್ನೆಲ್ಲ ಮೊಂಡಾಗಿ ಕತ್ತರಿಸಿಕೊಂಡು ಅದೊಂದನ್ನು ಬೇಕೆಂದೇ ಬೆಳೆಯಲು ಬಿಟ್ಟಿದ್ದಳು. ಬಣ್ಣ ಹಚ್ಚುವುದಕ್ಕಲ್ಲ, ತೆಂಗಿನ ಗರಿ ಸೀಳುವುದಕ್ಕೆ. ಗರಿಯ ಬುಡಕ್ಕೆ ಆ ಉಗುರನ್ನು ಒತ್ತಿ ಒಮ್ಮೆ ಎಳೆದರೆ ಕಡ್ಡಿ ಒಂದು ಕಡೆ, ಎಲೆ ಇನ್ನೊಂದು ಕಡೆ. ಅದೇ ಉಗುರಿನಿಂದ ಇನ್‌ಲ್ಯಾಂಡ್ ಲೆಟರ್ ಬಿಡಿಸುತ್ತಿದ್ದಳು, ಬೇಯಿಸಿದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಬೆಳಿಗ್ಗೆ ನಾನು ಏಳದಿದ್ದರೆ ನನ್ನ ಅಂಗಾಲಿಗೆ ಒಂದು ಗೀರು ಎಳೆಯುತ್ತಿದ್ದಳು. ಆ ಗೀರಿಗೆ ಹೆದರಿಯೇ ನಾನು ಇಂದಿಗೂ ಕಾಲು ಮುಚ್ಚಿಕೊಂಡು ಮಲಗುತ್ತೇನೆ.

ಅವಳು ನನ್ನ ರೂಮಿನವಳು. ಎಪ್ಪತ್ತರ ದಶಕದ ಕೊನೆಯಲ್ಲಿ, ಮಣಿಪಾಲದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ, ಎರಡು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಾನು ಅಜೆಕಾರಿನ ಹತ್ತಿರದ ಒಂದು ದೇವಸ್ಥಾನದ ಅರ್ಚಕರ ಮಗಳು. ಅವಳು ಎರ್ಮಾಳಿನ ಮೀನುಗಾರರ ಮನೆಯ ಹುಡುಗಿ. ಅಪ್ಪ ಕಡಲಿಗೆ ಹೋಗುವವರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವರು. ಯಾರ ಜೊತೆ ರೂಮು ಎಂದು ನಮ್ಮ ಮನೆಯಲ್ಲಿ ಕೇಳಿದಾಗ ನಾನು ‘ಕಾಪುವಿನ ಕಡೆಯವಳು’ ಎಂದಿದ್ದೆ. ಸುಳ್ಳೇನಲ್ಲ. ಎರ್ಮಾಳು ಕಾಪುವಿನ ಕಡೆಯೇ ಇದೆ.

ನಾವಿಬ್ಬರೂ ಮನೆಯಲ್ಲಿ ತುಳು ಆಡುವವರು. ಆದರೆ ನನ್ನ ತುಳು ಕೇಳಿದರೆ ಅವಳಿಗೆ ನಗು, ಅವಳದ್ದು ಕೇಳಿದರೆ ನನಗೆ ನಗು. ನಗುತ್ತಾ ನಗುತ್ತಾ ಜಗಳವಾಡಲು ಆಗುವುದಿಲ್ಲವಲ್ಲ, ಹಾಗಾಗಿ ಜಗಳಕ್ಕೆಂದು ಕನ್ನಡ ಇಟ್ಟುಕೊಂಡಿದ್ದೆವು. ಜಗಳ ದಿನವೂ ಇರುತ್ತಿದ್ದುದರಿಂದ ಕ್ರಮೇಣ ಕನ್ನಡವೇ ರೂಢಿಯಾಯಿತು.

ನಮ್ಮ ಕೋಣೆಯ ಬಗ್ಗೆ ಮೊದಲು ಹೇಳಬೇಕು. ಕಟ್ಟಡ ಕಟ್ಟಿ ಮುಗಿಸಿದ ಮೇಲೆ ಯಾರಿಗೋ ನೆನಪಾಗಿ ಸೇರಿಸಿದಂತೆ, ತಾರಸಿಯ ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ ಕೋಣೆ ಅದು. ಇದ್ದ ಒಂದೇ ಕಿಟಕಿ ಪಡುವಣಕ್ಕೆ, ತಾರಸಿಯ ಕಡೆಗೆ ತೆರೆದುಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಆ ಕಡೆಯ ಗೋಡೆ ಪಾಚಿ ಹಿಡಿದು ಕಪ್ಪಾಗುತ್ತಿತ್ತು; ಬೇಸಿಗೆಯಲ್ಲಿ ಆ ಕಪ್ಪು ಗೋಡೆಯೇ ಬಿಸಿಲನ್ನು ಕುಡಿದು ನಮ್ಮ ಮೇಲೆ ಉಗುಳುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಸೂರ್ಯ ನಮಗಿಂತ ಮೊದಲೇ ಬಂದು ಮಂಚದ ಮೇಲೆ ಕುಳಿತಿರುತ್ತಿದ್ದ. ಆ ಕಾಲದಲ್ಲಿ ರೂಮುಗಳಿಗೆ ಫ್ಯಾನು ಎಲ್ಲಿಯದು? ಒಂದು ಬಲ್ಬು ಕೊಟ್ಟಿದ್ದರು, ಅದೂ ಬೇಸಿಗೆಯಲ್ಲಿ ಅರ್ಧ ದಿನ ಉರಿಯುತ್ತಿರಲಿಲ್ಲ. ಹುಡುಗಿಯರು ಆ ರೂಮನ್ನು ‘ಕಾವಲಿ’ ಎಂದು ಕರೆಯುತ್ತಿದ್ದರು. ಕೆಳಗೆ ಇಳಿದರೆ ಸಾಕು, “ಎಂತ, ಒಂದು ಬದಿ ಬೆಂದಾಯಿತಾ?” ಎಂಬ ಪ್ರಶ್ನೆ ಕಾದಿರುತ್ತಿತ್ತು.

ನಗುವವರು ನಗಲಿ, ನನಗದು ನಗುವ ವಿಷಯವಾಗಿರಲಿಲ್ಲ. ನನಗೆ ಬಿಸಿಲಿನ ತಲೆನೋವು ಇತ್ತು. ಒಮ್ಮೆ ಹಿಡಿಯಿತೆಂದರೆ ಕಣ್ಣು ಬಿಡಲಾಗದೆ, ತಿಂದದ್ದೆಲ್ಲ ಕಕ್ಕುತ್ತಾ ಮಲಗಬೇಕು. ಮೊದಲ ವರ್ಷ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಹಿಡಿಯಿತು. ಮನೆಗೆ ಹೋಗಿ ಮಲಗಿ, ಪರೀಕ್ಷೆಗೆಂದು ಎದ್ದು ಬಂದು ಹೇಗೋ ಬರೆದೆ. ಹೇಗೋ ಪಾಸಾದೆ. ನಮ್ಮ ಕುಟುಂಬದಲ್ಲಿ ಹೈಸ್ಕೂಲಿನ ಆಚೆಗೆ ಓದಿದ ಹೆಣ್ಣು ನಾನೊಬ್ಬಳೇ. ಅಪ್ಪನಿಗೆ ಮೊದಲೇ ಅರೆಮನಸ್ಸು. ಆ ರಜೆಯಲ್ಲಿ ಅಪ್ಪ ಜಗಲಿಯಲ್ಲಿ ಕುಳಿತು ನಿಧಾನವಾಗಿ ಹೇಳಿದ್ದರು. “ನಿನಗೆ ಓದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಇನ್ನೊಂದು ಸಲ ಹೀಗೆ ಕಾಯಿಲೆ ಮಾಡಿಕೊಂಡು ಬಂದೆಯೋ, ಮತ್ತೆ ಕಳಿಸುವುದಿಲ್ಲ. ನೀನು ಇದ್ದರಲ್ವಾ ಓದು?” ಅಪ್ಪ ಸಿಟ್ಟಿನಲ್ಲಿ ಹೇಳಿದ ಮಾತಾದರೆ ಮರುದಿನ ಕರಗುತ್ತಿತ್ತು. ಇದು ನಿಧಾನವಾಗಿ ಹೇಳಿದ ಮಾತು. ನಾನು ವಾರ್ಡನ್ ಟೀಚರ ಬಳಿ ಬೇರೆ ರೂಮು ಕೇಳಿದೆ. ಇಲ್ಲ ಎಂದರು. ಹಾಗಾಗಿ ಎರಡನೇ ವರ್ಷವೂ ಕಾವಲಿಯೇ ಗತಿಯಾಯಿತು, ಜೊತೆಗೆ ಈ ಹೊಸ ರೂಮಿನವಳು.

ಜೂನ್ ತಿಂಗಳ ಮಳೆಯಲ್ಲಿ ಅವಳು ಒಂದು ಟ್ರಂಕು, ಒಂದು ಮಣ್ಣಿನ ಹೂಜಿ ಹಿಡಿದುಕೊಂಡು ಬಂದಳು. ಹೂಜಿಯನ್ನು ಟ್ರಂಕಿಗಿಂತ ಜೋಪಾನವಾಗಿ ಹಿಡಿದಿದ್ದಳು. ಕೋಣೆಯ ಸುತ್ತ ಒಮ್ಮೆ ನೋಡಿ, ಕಿಟಕಿ ತೆರೆದು, ತಾರಸಿ ನೋಡಿ, “ಒಳ್ಳೆ ರೂಮು, ಜಾಗ ಉಂಟು” ಎಂದಳು. ಇವಳಿಗೆ ತಲೆ ಸರಿ ಇಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ.

ಆ ತೀರ್ಮಾನಕ್ಕೆ ಮುಂದೆ ಬೇಕಾದಷ್ಟು ಪುರಾವೆ ಸಿಕ್ಕಿತು. ಅವಳು ಯಾವುದನ್ನೂ ಬಿಸಾಡುತ್ತಿರಲಿಲ್ಲ. ಅಡುಗೆಮನೆಯಿಂದ ತೆಂಗಿನ ಗೆರಟೆ ಕೇಳಿ ತರುತ್ತಿದ್ದಳು. ಒಂದು ಗೆರಟೆ ಸೋಪಿಗೆ, ಒಂದು ಬಳಪ ಪೆನ್ಸಿಲಿಗೆ, ತೂತು ಕೊರೆದ ಒಂದು ಗಿಡಕ್ಕೆ ನೀರು ಚಿಮುಕಿಸಲು. ಪಾತ್ರೆ ಉಜ್ಜಲು ತೆಂಗಿನ ನಾರು, ತಲೆಗೆ ಅಂಟುವಾಳ ಕಾಯಿ. ಗುಡಿಸುವ ಹಿಡಿಸೂಡಿಯನ್ನೂ ತಾನೇ ಕಟ್ಟುತ್ತಿದ್ದಳು. ಆಗ ಗಲ್ಫಿಗೆ ಹೋದವರ ಮನೆಯ ಹುಡುಗಿಯರು ಬಣ್ಣಬಣ್ಣದ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಮಾನು ತರುತ್ತಿದ್ದರು. ಅವರು ಬಿಟ್ಟ ಚೀಲಗಳನ್ನು ಇವಳು ತೊಳೆದು ತಾರಸಿಯ ಹಗ್ಗದಲ್ಲಿ ಒಣಹಾಕುತ್ತಿದ್ದಳು. ನಮ್ಮ ತಾರಸಿ ಸದಾ ಯಾವುದೋ ದೇಶದ ಸ್ವಾತಂತ್ರ್ಯ ದಿನಾಚರಣೆಯಂತೆ ಕಾಣುತ್ತಿತ್ತು.

ನಾನೋ ಶುಚಿ ಎಂದರೆ ಪ್ರಾಣ ಬಿಡುವವಳು. ಮಂಚದ ಅಡಿಯಲ್ಲಿ ಗೆರಟೆಯ ರಾಶಿ ಬೆಳೆಯುವುದನ್ನು ನೋಡಿ ನೋಡಿ ಒಂದು ದಿನ ಎಲ್ಲವನ್ನೂ ಗೋಣಿಗೆ ತುಂಬಿ ಕೆಳಗಿನ ಕಸದ ಗುಂಡಿಗೆ ಹಾಕಿ ಬಂದೆ. ಸಂಜೆ ಅವಳು ಬಂದಳು, ಮಂಚದ ಅಡಿ ಬಗ್ಗಿ ನೋಡಿದಳು, ಇಳಿದು ಹೋದಳು. ಸ್ವಲ್ಪ ಹೊತ್ತಿನಲ್ಲಿ ಅದೇ ಗೋಣಿಯನ್ನು ಬೆನ್ನ ಮೇಲೆ ಹೊತ್ತು ಎಲ್ಲ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ಇಟ್ಟಳು.

“ಬಿಸಾಡ್ಲಿಕ್ಕೆ ಎಂತ ಅವಸರ ಮಾರಾಯ್ತಿ?”

ಇದು ಅವಳ ಮಾತು. ಎಲ್ಲದಕ್ಕೂ ಇದೇ. ಹರಿದ ಲಂಗ, ಮುಗಿದ ನೋಟ್ಸಿನ ಹಿಂಬದಿ, ಮುರಿದ ಕೊಡೆಯ ಕಡ್ಡಿ, ಮುಖ ತೊಳೆದ ನೀರು. ನೀರಿನ ವಿಷಯದಲ್ಲಂತೂ ಅವಳು ಬಲು ಜಿಪುಣಿ. ಮಣಿಪಾಲ ಗುಡ್ಡದ ಮೇಲಿನ ಊರು, ಬೇಸಿಗೆಯಲ್ಲಿ ತಲೆಗೊಂದು ಬಕೆಟ್ ನೀರು. ಬಟ್ಟೆ ಜಾಲಿಸಿದ ನೀರಿನಲ್ಲಿ ನೆಲ ಒರೆಸಬೇಕು, ಮುಖ ತೊಳೆದದ್ದು ಇನ್ನೊಂದು ಬಕೆಟಿಗೆ ಬೀಳಬೇಕು. ನಾನು ಕೈ ತೊಳೆದು ನೀರನ್ನು ಹಾಗೇ ಚೆಲ್ಲಿದರೆ ಎದೆಗೆ ಚೂರಿ ಹಾಕಿಸಿಕೊಂಡವಳಂತೆ ನೋಡುತ್ತಿದ್ದಳು. ಈಗ ಇದಕ್ಕೆಲ್ಲ ಪರಿಸರಸ್ನೇಹಿ ಎಂಬ ದೊಡ್ಡ ಹೆಸರಿದೆ. ಹಾಸ್ಟೆಲ್ ಕೋಣೆಯನ್ನು ಪರಿಸರಸ್ನೇಹಿ ಮಾಡುವುದು ಹೇಗೆ ಎಂದು ಕಾಲೇಜುಗಳಲ್ಲಿ ಸ್ಪರ್ಧೆ ಇಡುತ್ತಾರೆ. ಆಗ ಆ ಶಬ್ದ ನಮ್ಮ ಯಾರ ಬಾಯಲ್ಲೂ ಇರಲಿಲ್ಲ. ಅವಳದ್ದನ್ನು ನಾವು ಕರೆಯುತ್ತಿದ್ದುದು ಹುಚ್ಚು ಎಂದು.

ನವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ನನಗೆ ಆ ವರ್ಷದ ಮೊದಲ ತಲೆನೋವು ಬಂತು. ಅವಳು ಒದ್ದೆ ಬಟ್ಟೆಯನ್ನು ಹಣೆಗೆ ಹಾಕಿ ಪಕ್ಕದಲ್ಲಿ ಕುಳಿತಳು. ನೋವು ಇಳಿದ ಮೇಲೆ ನಾನು ಅಪ್ಪ ಹೇಳಿದ್ದನ್ನು ಅವಳಿಗೆ ಹೇಳಿದೆ. ಇನ್ನೊಂದು ಸಲ ಮಲಗಿದರೆ ನನ್ನ ಓದು ಮುಗಿಯಿತು ಎಂದೆ. ಅಳು ಬಂತು, ಅತ್ತೆ.

ಅವಳು ಸಮಾಧಾನದ ಮಾತು ಆಡುವವಳಲ್ಲ. ಕಿಟಕಿಯ ಕಡೆ ನೋಡುತ್ತಾ, “ಬಿಸಿಲು ಒಳಗೆ ಬಂದ ಮೇಲೆ ಎಂತ ಮಾಡಿಯೂ ಪ್ರಯೋಜನ ಇಲ್ಲ. ಅದನ್ನು ಹೊರಗೇ ನಿಲ್ಲಿಸಬೇಕು. ನಮ್ಮ ಮನೆಯೂ ಪಡುವಣಕ್ಕೇ ಅಲ್ವಾ? ಎದುರು ಕಡಲು, ಒಂದು ಮರದ ನೆರಳಿಲ್ಲ. ನಾವೆಲ್ಲ ಬೆಂದಿದ್ದೇವಾ?” ಎಂದಳು.

ಮುಂದಿನ ಭಾನುವಾರ ಊರಿಗೆ ಹೋಗಿ ಬಂದಳು. ಬಸ್ಸಿನ ಮೇಲೆ ಹಾಕಿಕೊಂಡು ತಂದ ಸಾಮಾನು ನೋಡಿ ಕಾವಲುಗಾರ ಗೇಟಿನಲ್ಲೇ ತಡೆದನಂತೆ. ತೆಂಗಿನ ಮಡಲು, ಅಂದರೆ ಉದ್ದುದ್ದ ಗರಿಗಳ ಕಟ್ಟು, ಒಂದು ಚೀಲ ಚಿಪ್ಪಿನ ಸುಣ್ಣ, ಸುತ್ತಿಟ್ಟ ಒಂದು ಹಳೆಯ ಬಲೆ. ಕಡಲಿನ ಚಿಪ್ಪು ಸುಟ್ಟು ಮಾಡುವ ಆ ಸುಣ್ಣವನ್ನು ನೀರಿನಲ್ಲಿ ಕಲಸಿ, ನಾವಿಬ್ಬರೂ ಲಂಗ ಎತ್ತಿ ಕಟ್ಟಿಕೊಂಡು, ತೆಂಗಿನ ನಾರಿನ ಕುಂಚದಿಂದ ಪಡುವಣದ ಕಪ್ಪು ಗೋಡೆಯನ್ನು ಬಿಳಿ ಮಾಡಿದೆವು. ಬಳಿದು ಮುಗಿಯುವಾಗ ಗೋಡೆಗಿಂತ ನಾವು ಬೆಳ್ಳಗಿದ್ದೆವು. ಆಮೇಲೆ ಅವಳು ತಾರಸಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಮಡಲು ಹೆಣೆದಳು. ಹೆಬ್ಬೆರಳಿನ ಉಗುರು ಸರಸರ ಓಡುತ್ತಿತ್ತು, ಬಾಯಲ್ಲಿ ಮರುದಿನದ ಪಾಠ. ಸಂಜೆಗೆ ಕಿಟಕಿಯ ಹೊರಗೆ ಬೇಕಾದಾಗ ಎತ್ತಿ ಕಟ್ಟಬಹುದಾದ ಎರಡು ತಟ್ಟಿಗಳು ತೂಗಾಡಿದವು. ಮಧ್ಯಾಹ್ನ ಅವುಗಳಿಗೆ ನೆಲ ಒರೆಸಿ ಉಳಿದ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ಬೇರೆಯೇ ಆಗುತ್ತಿತ್ತು.

ಬಲೆ ಯಾಕೆಂದು ಮೊದಲು ತಿಳಿಯಲಿಲ್ಲ. ಅವಳು ಸೀಮೆಎಣ್ಣೆಯ ಖಾಲಿ ಡಬ್ಬಗಳಿಗೆ ಮಣ್ಣು ತುಂಬಿ ಕಿಟಕಿಯ ಕೆಳಗೆ ಸಾಲಾಗಿ ಇಟ್ಟು, ಬಸಳೆಯ ದಂಟು ನೆಟ್ಟಳು. ಬಲೆಯನ್ನು ಗೋಡೆಗೆ ಚಪ್ಪರದಂತೆ ಕಟ್ಟಿದಳು. ಬಳ್ಳಿ ಅದನ್ನು ಹಿಡಿದು ಮೇಲೆ ಹೋಗಬೇಕು, ಗೋಡೆಗೆ ಅದೇ ಕೊಡೆ. ನಾವು ಸ್ನಾನ ಮಾಡಿದ, ಮುಖ ತೊಳೆದ, ಬಟ್ಟೆ ಜಾಲಿಸಿದ ನೀರೆಲ್ಲ ಬಸಳೆಗೆ. ಆದರೂ ಬಳ್ಳಿ ಸೊರಗಿಕೊಂಡೇ ಇತ್ತು. ಡಬ್ಬದ ಮಣ್ಣು ಬರೀ ಕೆಂಪು ಮುರಕಲ್ಲಿನ ಪುಡಿ, ಅದರಲ್ಲಿ ಸತ್ವವೇ ಇರಲಿಲ್ಲ.

ಒಂದು ಸಂಜೆ ಅವಳು ನನ್ನ ಮುಂದೆ ಬಂದು ನಿಂತಳು. ಅವಳು ಅಷ್ಟು ಹಿಂಜರಿದದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ.

“ಬಸಳೆಗೆ ಗೊಬ್ಬರ ಬೇಕು. ಅಮ್ಮ ಕಳಿಸಿದ್ದಾರೆ. ಆದರೆ ಅದು ಎಂತದ್ದು ಅಂತ ನೀನು ಕೇಳಬೇಡ.”

“ಎಂತದ್ದು?”

“ಕೇಳಬೇಡ ಅಂದೆ ಅಲ್ವಾ?”

“ಮೀನಿನದ್ದಾ?”

“ಭೂತಾಯಿ ಮೀನು. ಒಣಗಿಸಿ ಕೊಳೆಸಿದ್ದು. ಹಸಿ ಅಲ್ಲ. ನಿನಗೆ ಆಗುವುದಿಲ್ಲ ಅಂದರೆ ಬೇಡ. ಬಸಳೆ ಹೋದರೆ ಹೋಯಿತು.”

ನಮ್ಮ ಹಾಸ್ಟೆಲು ಸಸ್ಯಾಹಾರದ್ದು, ರೂಮಿಗೆ ಮೀನು ತಂದರೆ ಹೊರಗೆ ಹಾಕುವ ನಿಯಮ. ಅದಕ್ಕಿಂತ ದೊಡ್ಡ ನಿಯಮ ನಾನು ಹುಟ್ಟಿದ ಮನೆಯದ್ದು. ನಾನು ಸೊರಗಿದ ಬಳ್ಳಿ ನೋಡಿದೆ, ಬೆಳ್ಳಗೆ ಬರಿದಾದ ಗೋಡೆ ನೋಡಿದೆ, ಬರಲಿರುವ ಮಾರ್ಚ್ ತಿಂಗಳನ್ನು ನೆನೆದೆ. ಕೊನೆಗೆ, “ಕಿಟಕಿಯಿಂದ ಆಚೆ ನಿನ್ನ ರಾಜ್ಯ, ಈಚೆ ನನ್ನದು. ಗಡಿ ದಾಟಿ ಬರಬಾರದು” ಎಂದೆ. ಅವಳು ನಕ್ಕು ಗಡಿಯ ಆಚೆಗೆ ಹೋದಳು.

ಆಮೇಲೆ ಬಸಳೆ ಹೇಗೆ ಬೆಳೆಯಿತು ಎನ್ನುತ್ತೀರಿ! ಫೆಬ್ರವರಿಯ ಹೊತ್ತಿಗೆ ಬಲೆಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ದಂಟು, ಅಂಗೈಯಗಲದ ಎಲೆ. ಮಧ್ಯಾಹ್ನ ಕೋಣೆಯೊಳಗೆ ಹಸಿರು ಬಣ್ಣದ ತಣ್ಣಗಿನ ಬೆಳಕು. ಬಲ್ಬು ಹಾಕದೆ ಸಂಜೆಯ ತನಕ ಓದಬಹುದಿತ್ತು, ಹೂಜಿಯ ನೀರು ತಂಪಾಗಿತ್ತು, ನನ್ನ ತಲೆ ನನ್ನ ಹೆಗಲ ಮೇಲೆ ನೆಟ್ಟಗೆ ಇತ್ತು. ಬಸಳೆ ಕೊಯ್ದಷ್ಟೂ ಮುಗಿಯದೆ ನಾನು ಊರಿಗೆ ಹೋಗುವಾಗಲೆಲ್ಲ ಒಂದು ಕಟ್ಟು ಒಯ್ಯುತ್ತಿದ್ದೆ. ಅಮ್ಮ ಹುಳಿ ಮಾಡುತ್ತಿದ್ದರು. ಅಪ್ಪ ದಂಟು ಅಗಿಯುತ್ತಾ, “ಇಷ್ಟು ದಪ್ಪ ದಂಟು ನಮ್ಮಲ್ಲಿ ಬರುವುದಿಲ್ಲ. ಎಂತ ಗೊಬ್ಬರವಂತೆ?” ಎಂದು ಕೇಳುತ್ತಿದ್ದರು. ನಾನು ತಟ್ಟೆಯ ಕಡೆ ಹೆಚ್ಚು ಗಮನ ಕೊಡುತ್ತಿದ್ದೆ.

ಗುಟ್ಟು ರಟ್ಟು ಮಾಡಿದ್ದು ಬೆಕ್ಕುಗಳು. ಮಾರ್ಚ್‌ನಲ್ಲಿ ಅವಳು ಹೊಸದಾಗಿ ಗೊಬ್ಬರ ಹಾಕಿದ ಮರುದಿನ ತಾರಸಿಯಲ್ಲಿ ಒಂದು ಬೆಕ್ಕು ಕಂಡಿತು. ಸಂಜೆಗೆ ಮಣಿಪಾಲದ ಬೆಕ್ಕುಗಳೆಲ್ಲ ನಮ್ಮ ಕಿಟಕಿಯ ಕೆಳಗೆ ಸಭೆ ಸೇರಿದ್ದವು. ಕೆರೆದವು, ಕಚ್ಚಾಡಿದವು, ಒಂದು ಡಬ್ಬ ಉರುಳಿಸಿದವು. ಗಲಾಟೆ ಕೇಳಿ ವಾರ್ಡನ್ ಟೀಚರ್ ಏದುಸಿರು ಬಿಡುತ್ತಾ ಮೇಲೆ ಬಂದರು. ಮೂಗು ಮುಚ್ಚಿಕೊಂಡರು. ಡಬ್ಬದ ಪಕ್ಕದಲ್ಲಿದ್ದ ಗೊಬ್ಬರದ ಪೊಟ್ಟಣ ಸಿಕ್ಕಿತು.

“ಇದು ಹಾಸ್ಟೆಲಾ, ಮೀನು ಮಾರ್ಕೆಟ್ಟಾ? ಯಾರದ್ದು ಇದು?”

“ನನ್ನದು ಟೀಚರ್. ಇವಳಿಗೆ ಗೊತ್ತೇ ಇಲ್ಲ” ಎಂದಳು ಅವಳು, ನನಗಿಂತ ಮೊದಲು.

“ಗೊತ್ತುಂಟು ಟೀಚರ್. ಕೇಳಿಯೇ ಹಾಕಿದ್ದು” ಎಂದೆ ನಾನು. ಅವಳು ನನ್ನ ಕಾಲು ತುಳಿದಳು.

ಟೀಚರ್ ಕೆಟ್ಟವರಲ್ಲ, ಆದರೆ ನಿಯಮ ಎಂದರೆ ನಿಯಮ. ಡಬ್ಬಗಳೆಲ್ಲ ಹೋಗಬೇಕು, ಬಲೆ, ಮಡಲು ಎಲ್ಲ ಹೋಗಬೇಕು, ಅವಳು ರೂಮು ಖಾಲಿ ಮಾಡಬೇಕು ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅರ್ಚಕರ ಮಗಳ ರೂಮಿನಲ್ಲಿ ಹೀಗಾದರೆ ನಾಳೆ ತನ್ನ ಮೇಲೆ ಮಾತು ಬರುತ್ತದೆ ಎಂದು ಹೆದರಿ, ಅಜೆಕಾರಿನ ಬಸ್ಸು ನಿಲ್ಲುವಲ್ಲಿದ್ದ ಅಂಗಡಿಗೆ ಫೋನು ಮಾಡಿ ಅಪ್ಪನಿಗೆ ಹೇಳಿ ಕಳಿಸಿದರು: ಮಗಳ ರೂಮಿನಲ್ಲಿ ಮೀನು ಸಿಕ್ಕಿದೆ, ಬನ್ನಿ.

ಆ ಸಂಜೆ ನಾವಿಬ್ಬರೂ ಜಗಳವಾಡಲಿಲ್ಲ. ಅವಳು ಟ್ರಂಕಿನಲ್ಲಿ ಬಟ್ಟೆ ಮಡಚಿಡುತ್ತಾ, “ಮಡಲು ಒಂದನ್ನು ಬಿಡಿಸಬೇಡಿ ಅಂತ ಕೇಳು. ಪರೀಕ್ಷೆ ಆಗುವ ತನಕ ಆದರೂ ಇರಲಿ. ಅದಕ್ಕೆ ವಾಸನೆ ಇಲ್ಲ” ಎಂದಳು. ತನ್ನನ್ನು ಹೊರಗೆ ಹಾಕುತ್ತಿದ್ದಾರೆ, ಇವಳಿಗೆ ನನ್ನ ತಲೆನೋವಿನ ಚಿಂತೆ. ಆ ಕ್ಷಣದಲ್ಲಿ ಅವಳ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಸಿಟ್ಟೇ ಬಂದು, “ನೀನು ಬಾಯಿ ಮುಚ್ಚು” ಎಂದೆ.

ಮರುದಿನ ಮಧ್ಯಾಹ್ನ ಅಪ್ಪ ಬಂದರು. ಅಜೆಕಾರಿನಿಂದ ಕಾರ್ಕಳ, ಕಾರ್ಕಳದಿಂದ ಉಡುಪಿ, ಉಡುಪಿಯಿಂದ ಗುಡ್ಡ ಹತ್ತಿ ಮಣಿಪಾಲ. ಉರಿಬಿಸಿಲಿನಲ್ಲಿ ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ಬಿಳಿ ಪಂಚೆ, ಹೆಗಲಿಗೆ ಶಾಲು, ಕೈಯಲ್ಲಿ ಕೊಡೆ. ಕೆಳಗೆ ನನ್ನನ್ನು ಕಂಡವರೇ ಹೇಳಿದ್ದು ಒಂದೇ ಮಾತು. “ಟ್ರಂಕು ಕಟ್ಟು.”

ಗಂಡಸರಿಗೆ ಮೇಲೆ ಪ್ರವೇಶವಿರಲಿಲ್ಲ. ಆದರೆ ಕಣ್ಣಾರೆ ನೋಡಲಿ ಎಂದು ಟೀಚರೇ ಅಪ್ಪನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ಮುಖ ಕೆಂಪಗೆ ಮಾಡಿಕೊಂಡು ಬಂದ ಅಪ್ಪ ಕೋಣೆಯೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ಹೊರಗಿನ ಬೆಂಕಿಯಿಂದ ಒಳಗೆ ಬಂದವರಿಗೆ ಆ ತಂಪು ತಾಗಿತು. ಶಾಲಿನಿಂದ ಮುಖ ಒರೆಸಿಕೊಂಡು ನನ್ನ ಮಂಚದ ಮೇಲೆ ಕುಳಿತರು. ನಾನು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟೆ. ಹೂಜಿ ಅವಳದ್ದು, ಬೆಳಿಗ್ಗೆ ತುಂಬಿಸಿದ್ದೂ ಅವಳೇ. ನೀರು ಯಾರದ್ದೆಂದು ಅಪ್ಪ ಕೇಳಲಿಲ್ಲ. ಗಟಗಟ ಕುಡಿದು ಲೋಟ ಕೆಳಗಿಟ್ಟರು. ಅವಳು ಬಾಗಿಲ ಹತ್ತಿರ ಕಟ್ಟಿದ ಟ್ರಂಕಿನ ಪಕ್ಕ ನಿಂತಿದ್ದಳು.

ಅಪ್ಪ ಮಡಲು ನೋಡಿದರು. ಕಿಟಕಿಯಾಚೆಯ ಎಲೆಗಳನ್ನು ನೋಡಿದರು. “ಈ ವರ್ಷ ತಲೆನೋವು?” ಎಂದರು.

“ಇಲ್ಲ ಅಪ್ಪ. ಇದೆಲ್ಲ ಮಾಡಿದ ಮೇಲೆ ಒಮ್ಮೆಯೂ ಇಲ್ಲ.”

“ಹೂಂ” ಎಂದು ಎದ್ದು ತಾರಸಿಗೆ ಹೋದರು. ಬಸಳೆಯ ಎಲೆಯೊಂದನ್ನು ಮಗುಚಿ ನೋಡಿ, ಬಗ್ಗಿ, ಡಬ್ಬದ ಮಣ್ಣನ್ನು ಬೆರಳಿನಿಂದ ಕೆದಕಿ, ಆ ಬೆರಳನ್ನು ಮೂಗಿಗೆ ಹಿಡಿದರು. ದಿನಕ್ಕೆ ಎರಡು ಹೊತ್ತು ದೇವರನ್ನು ಮುಟ್ಟುವ ಬೆರಳು ಅದು. ಟೀಚರ ಮುಖ ನೋಡುವಂತಿತ್ತು.

“ಭೂತಾಯಿ. ಕಳಿತದ್ದು ಒಳ್ಳೆಯದುಂಟು” ಎಂದರು ಅಪ್ಪ.

“ನಿಮಗೆ ಹೇಗೆ ಗೊತ್ತು ಭಟ್ರೇ?” ಟೀಚರಿಗೆ ತಡೆಯಲಾಗಲಿಲ್ಲ.

“ನಮ್ಮ ತೆಂಗಿನ ಬುಡಕ್ಕೆ ವರ್ಷ ವರ್ಷ ಹಾಕಿಸುವುದು ಇದನ್ನೇ ಅಲ್ವಾ ಟೀಚರ್? ಗಾಡಿಯಲ್ಲಿ ಬರ್ತದೆ. ಆ ಮರದ ಎಳನೀರು ದೇವರ ಅಭಿಷೇಕಕ್ಕೆ ಹೋಗ್ತದೆ. ಮನೆಯೊಳಗೆ ಹೆಸರು ಹೇಳುವುದಿಲ್ಲ, ಅಷ್ಟೆ.”

ಆಗ ನನಗೆ ನೆನಪಾಯಿತು. ವರ್ಷಕ್ಕೊಂದು ದಿನ ನಮ್ಮ ಮನೆಯಲ್ಲಿ ತೋಟದ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು. ಅಮ್ಮ ಬೆಳಿಗ್ಗೆಯಿಂದಲೇ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ‘ಎಂತಕ್ಕೆ?’ ಎಂದು ಕೇಳಿದರೆ ದೊಡ್ಡವರೆಲ್ಲ ‘ಪಡುವಣದ ಗೊಬ್ಬರ ಬಂದಿದೆ’ ಎಂದು ಬೇರೆ ಮಾತಿಗೆ ಹೋಗುತ್ತಿದ್ದರು. ಗೊಬ್ಬರಕ್ಕೂ ದಿಕ್ಕು ಯಾಕೆ ಎಂದು ನಾನು ಕೇಳಿರಲಿಲ್ಲ.

ಅಪ್ಪ ಮೊದಲ ಬಾರಿಗೆ ಅವಳ ಕಡೆ ತಿರುಗಿದರು. “ನೀನು ಹಾಕಿದ್ದಾ ಇದು?”

“ಹೌದು ಭಟ್ರೇ.”

“ಮೇಲೆ ಮಣ್ಣು ಮುಚ್ಚಲಿಲ್ಲ ಯಾಕೆ? ಮುಚ್ಚದಿದ್ದರೆ ಬೆಕ್ಕು ಬರದೆ ಮತ್ತೆಂತ ಬರ್ತದೆ?”

“ಮಣ್ಣು ಮುಗಿದಿತ್ತು ಭಟ್ರೇ. ಇವತ್ತು ತರುವ ಅಂತ ಇದ್ದೆ.”

“ಗೊಬ್ಬರ ಹಾಕುವ ಮೊದಲು ಮಣ್ಣು ತರಬೇಕು” ಎಂದು ಗದರಿದರು. ನನ್ನನ್ನು ಗದರುವ ಅದೇ ಧ್ವನಿ. ಅದು ಕೇಳಿದ ಕೂಡಲೇ ನನಗೆ ಜೀವ ಬಂದಂತಾಯಿತು. ಅಪ್ಪ ಬೇರೆಯವರ ಮಕ್ಕಳನ್ನು ಗದರುವವರಲ್ಲ.

ಆಮೇಲೆ ಟೀಚರ ಜೊತೆ ಸ್ವಲ್ಪ ಹೊತ್ತು ಮಾತು ನಡೆಯಿತು. ವಾಸನೆ ಬರಬಾರದು, ಬೆಕ್ಕು ಬರಬಾರದು, ಪೊಟ್ಟಣ ತಾರಸಿಯಲ್ಲಿ ಇರಬಾರದು ಎಂದು ಟೀಚರ್ ಷರತ್ತು ಹಾಕಿದರು. ಅಪ್ಪ ಎಲ್ಲಕ್ಕೂ ಒಪ್ಪಿದ ಮೇಲೆ, ಅವಳು ರೂಮು ಬಿಡಬೇಕಾಗಿಲ್ಲ ಎಂದರು. ಹೊರಡುವಾಗ ಅಪ್ಪ, ಅವಳ ಟ್ರಂಕನ್ನೂ ಹೆದರಿ ನಾನು ಮೊದಲೇ ಕಟ್ಟಿಟ್ಟಿದ್ದ ನನ್ನದನ್ನೂ ನೋಡಿ, “ಬಿಚ್ಚಿ ಇಡಿ” ಎಂದರು. ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತು, “ಒಂದು ಕಟ್ಟು ದಂಟು ಕೊಡು. ಇಷ್ಟು ದಿನ ತಿಂದಾಗಿದೆ” ಎಂದರು. ಅವಳು ಓಡಿ ಹೋಗಿ ಕೊಯ್ದು, ಮಡಲಿನ ಎಳೆಯಲ್ಲಿ ಕಟ್ಟಿ ತಂದಳು. ನಾನು ಕೈ ಚಾಚಿದೆ. ಅಪ್ಪ ನನ್ನ ಕೈಗೆ ಕಾಯದೆ ಅವಳಿಂದಲೇ ತೆಗೆದುಕೊಂಡರು.

ನಾನು ಆ ವರ್ಷ ಪರೀಕ್ಷೆ ಬರೆದೆ, ಮರುವರ್ಷವೂ ಬರೆದೆ. ಒಳ್ಳೆಯ ಅಂಕ ಬಂತು. ಮೂರನೇ ವರ್ಷ ಕಾವಲಿ ರೂಮಿಗಾಗಿ ಹುಡುಗಿಯರು ಟೀಚರ ಬಳಿ ಶಿಫಾರಸು ತರತೊಡಗಿದ್ದರು. ಟೀಚರೇ ತಮ್ಮ ಕೋಣೆಗೆ ಎರಡು ಮಡಲಿನ ತಟ್ಟಿ ಹೆಣೆಸಿಕೊಂಡರು. ಓದು ಮುಗಿದು ಹೊರಡುವ ದಿನ ಅವಳು ಬಸಳೆಯ ದಂಟನ್ನು ಎರಡು ತುಂಡು ಮಾಡಿ, ಒಂದನ್ನು ನನಗೆ ಕೊಟ್ಟು ಒಂದನ್ನು ತಾನಿಟ್ಟುಕೊಂಡಳು. ಅಪ್ಪ ಅದನ್ನು ನಮ್ಮ ಬಚ್ಚಲ ಹಿಂದೆ ನೆಟ್ಟರು.

ನಾನು ಮುಂದೆ ಓದಿ ಕಾರ್ಕಳದಲ್ಲಿ ಪಾಠ ಹೇಳುವವಳಾದೆ. ಅವಳು ಕಾಪುವಿನ ಕಡೆಯ ಒಂದು ಶಾಲೆಯಲ್ಲಿ ಟೀಚರಾದಳು. ನನ್ನ ಮದುವೆಗೆ ಅವಳು ತಂದ ಉಡುಗೊರೆಯನ್ನು ನಮ್ಮ ಕಡೆಯವರು ಇಂದಿಗೂ ಮರೆತಿಲ್ಲ. ಸ್ಟೀಲ್ ಪಾತ್ರೆಗಳ ಸಾಲಿನಲ್ಲಿ ಒಂದು ದೊಡ್ಡ ಡಬ್ಬ. ತೊಳೆದು ಒಣಗಿಸಿಟ್ಟ ಗಲ್ಫಿನ ಪ್ಲಾಸ್ಟಿಕ್ ಚೀಲಗಳನ್ನು ಒಂದರ ಮೇಲೊಂದು ಸುತ್ತಿ, ಮೇಲೆ ರಿಬ್ಬನ್ನು ಕಟ್ಟಿದ್ದಳು. “ಇದು ನಿನಗಲ್ಲ, ಭಟ್ರಿಗೆ” ಎಂದಳು. ಒಳಗೆ ಭೂತಾಯಿ ಗೊಬ್ಬರ. ಧಾರೆಯ ಗಡಿಬಿಡಿಯ ನಡುವೆ ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅವಳನ್ನು ಬಚ್ಚಲ ಹಿಂದಕ್ಕೆ ಕರೆದೊಯ್ದು ಬಸಳೆ ಚಪ್ಪರ ತೋರಿಸಿದರು. ಮಗಳ ಮದುವೆಯ ದಿನ ಹುಡುಗಿಯ ಅಪ್ಪ ಎಲ್ಲಿ ಎಂದು ಪುರೋಹಿತರು ಕೂಗಿ ಸುಸ್ತಾದರು. ಆಮೇಲೆ ಪ್ರತಿ ವರ್ಷ ಅಪ್ಪ ಜಗಲಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, “ಭೂತಾಯಿ ಗೊಬ್ಬರ ಮುಗಿಯಿತು, ನಿನ್ನ ರೂಮಿನವಳಿಗೆ ಬರೆ” ಎನ್ನುತ್ತಿದ್ದರು. ಅಮ್ಮ ಸಾಂಬ್ರಾಣಿ ಹಾಕುವುದನ್ನು ಬಿಟ್ಟಿದ್ದರು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಅವಳು ತೀರಿಕೊಂಡಳು. ಕಾಮಾಲೆ. ಕೆಲವೇ ದಿನಗಳಲ್ಲಿ ಎಲ್ಲ ಮುಗಿದುಹೋಯಿತಂತೆ. ನನಗೆ ಸುದ್ದಿ ತಲುಪುವಾಗ ತಡವಾಗಿತ್ತು. ತವರಿನಿಂದ ಎರ್ಮಾಳಿಗೆ ಹೊರಟ ದಿನ, ಕಣ್ಣು ಮಂಜಾಗಿದ್ದ ಅಪ್ಪ ಬಚ್ಚಲ ಹಿಂದೆ ಹೋಗಿ, ತಡವಿ ತಡವಿ, ಎಲ್ಲಕ್ಕಿಂತ ದಪ್ಪದ ದಂಟು ಹುಡುಕಿ ಕೊಯ್ದು, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು.

ಅವಳ ಮನೆ ಅವಳು ಹೇಳುತ್ತಿದ್ದಂತೆಯೇ ಪಡುವಣಕ್ಕೆ, ಎದುರು ಕಡಲು. ಜಗಲಿಯ ಮುಂದೆ ಮಡಲಿನ ತಟ್ಟಿ ತೂಗುತ್ತಿತ್ತು. ಅವಳ ಅಮ್ಮ ಹೊರಗೆ ಬಂದರು. ಮನೆಯ ಪಕ್ಕ ಹಳೆಯ ಬಲೆಯ ಮೇಲೆ ಬಸಳೆಯೊಂದು ಪೂರ್ತಿ ಒಣಗಿ ನಿಂತಿತ್ತು. “ಅವಳು ಮಲಗಿದ ಮೇಲೆ ಯಾರೂ ನೀರು ಹಾಕಲಿಲ್ಲ” ಎಂದರು. ನಾನು ಬಾಳೆಪಟ್ಟೆ ಬಿಚ್ಚಿ ದಂಟನ್ನು ಕೊಟ್ಟೆ. ಅವರು ಎಲೆಯನ್ನು ಮಗುಚಿ, ಹೆಬ್ಬೆರಳಿನಿಂದ ಸವರಿದರು. ಅವರದ್ದೂ ಬಲಗೈಯ ಆ ಒಂದು ಉಗುರು ಉದ್ದವಾಗಿತ್ತು.

“ಇದು ನಮ್ಮ ತಳಿ ಅಲ್ವಾ?”

“ನಿಮ್ಮದೇ ಅಮ್ಮ. ಅವಳು ಕೊಟ್ಟದ್ದು.”

“ಇಷ್ಟು ಚೆನ್ನಾಗಿ ಬಂದಿದೆ. ಎಂತ ಹಾಕಿದ್ದೀರಿ?”

“ಭೂತಾಯಿ.”

“ಭಟ್ರ ಮನೆಯಲ್ಲಾ?”

“ಹೌದು. ಅಪ್ಪನೇ ಹಾಕುವುದು.”

ಅವರು ನನ್ನ ಮುಖವನ್ನೇ ನೋಡಿದರು. ಅಳುತ್ತಾರೆಂದುಕೊಂಡೆ, ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, ಒಣಗಿದ ಬಳ್ಳಿಯ ಬುಡದಲ್ಲೇ ಮರಳು ತೋಡಿ ದಂಟು ನೆಟ್ಟರು. ನನ್ನ ಕೈಯಲ್ಲಿ ಆ ಒದ್ದೆ ಬಾಳೆಪಟ್ಟೆ ಉಳಿದಿತ್ತು. ಅದನ್ನು ಬೇಲಿಯಾಚೆ ಎಸೆಯಲು ಕೈಯೆತ್ತಿದೆ.

“ಬಿಸಾಡ್ಲಿಕ್ಕೆ ಎಂತ ಅವಸರ ಮಗಾ?” ಎಂದರು ಅವಳ ಅಮ್ಮ. “ಕೊಡು ಇಲ್ಲಿ. ಬುಡಕ್ಕೆ ಸುತ್ತುವ, ತಂಪು ನಿಲ್ತದೆ.”

ನಾನು ಅದನ್ನು ಅವರ ಕೈಗೆ ಕೊಟ್ಟು, ಆ ಮರಳಿನ ಮೇಲೆಯೇ ಕುಳಿತು ಮನಸ್ಸು ತುಂಬ ಅತ್ತೆ.